ಕೊಟ್ರನ ಹೊಟ್ಟೆ, ಹಾಲಮ್ಮನ ಮಾನ

ಕೇಳ್ರಪ್ಪಾ, ನಗು ಬಂದ್ರೆ ನಕ್ಕುಬಿಡ್ರಿ. ಆದ್ರೆ ಹಾಲಮ್ಮ ಮಾತ್ರ ನಗಲಿಲ್ಲ. ಅವಳಿಗೆ ಇದ್ದೋನು ಒಬ್ಬನೇ ಮಗ, ಕೊಟ್ರ. ಆಳು ಎತ್ತಿನಂಗೆ, ಹೊಟ್ಟೆ ಮಾತ್ರ ಹಸುಗೂಸಿಂದು. ಒಂದು ಮೆಣಸಿನಕಾಯಿ ಕಡಿದ್ರೆ ಮುಗೀತು, ಹೊಟ್ಟೆ ಹಿಡ್ಕೊಂಡು ಹೊರಳಾಡೋನು. ಬುದ್ಧಿ ಹೆಂಗೆ ಅಂತೀರಾ? ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ದೊಡ್ಡ ಕಷ್ಟ!

ಹಾಲಮ್ಮ ಅವನನ್ನ ವೈದ್ಯರ ಹತ್ರ ಕರ್ಕೊಂಡು ಹೋದ್ಲು. ವೈದ್ಯರು ನಾಡಿ ಹಿಡಿದು, "ರೋಗ ಏನಿಲ್ಲ, ಹೊಟ್ಟೆ ಸೂಕ್ಷ್ಮ. ಇನ್ಮೇಲೆ ಹೊಟ್ಟೆ ನೋಡ್ಕೊಂಡು ಉಣ್ಣಪ್ಪಾ" ಅಂದ್ರು.

"ಆಗ್ಲಿ" ಅಂದ ಕೊಟ್ರ.

ಪಕ್ಕದ ಮನೇಲಿ ಕೂಸಿಗೆ ಹೆಸರಿಡೋ ಊಟ. ಕೊಟ್ರ ಎಲೆ ಮುಂದೆ ಕೂತ, ಅಂಗಿ ಮೇಲಕ್ಕೆತ್ತಿ ಎಡಗೈಲಿ ಹಿಡ್ಕೊಂಡ. ಹೊಟ್ಟೆ ನೋಡ್ತಾ ನೋಡ್ತಾ ಕೈ ಹಾಕಿದ. ಕೈ ಹೋಗಿದ್ದು ಪಕ್ಕದೋರ ಎಲೆಗೆ!

"ಏಯ್, ಅದು ನನ್ನ ಹೋಳಿಗೆ!"

"ಸುಮ್ನಿರಿ! ನಾನು ಹೊಟ್ಟೆ ನೋಡ್ತಾ ಇದೀನಿ, ಎಲೆ ಯಾರು ನೋಡ್ತಾರೆ?"

ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ಹಾಲಮ್ಮ ಸೆರಗಲ್ಲಿ ಮುಖ ಮುಚ್ಕೊಂಡ್ಲು. ಮನೆಗೆ ಬಂದು ಬೈದ್ಲು: "ಅಯ್ಯೋ ಪೆದ್ದ ಮುಂಡೇದೇ! ನೋಡೋದು ಅಂದ್ರೆ ಕಣ್ಣಲ್ಲಿ ನೋಡೋದಾ? ಬಾಯಿ ಕಟ್ಟಬೇಕು ಕಣೋ, ಬಾಯಿ!"

"ಆಗ್ಲವ್ವಾ" ಅಂದ ಕೊಟ್ರ.

ಸೋದರಮಾವ ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದ. ಅತ್ತೆ ಪಾಪ, ಬೆಳಿಗ್ಗೆಯಿಂದ ಒಲೆ ಮುಂದೆ ಬೆಂದು ಅಡುಗೆ ಮಾಡಿದ್ಲು. ಎಲೆ ಹಾಕಿದ್ದೇ ತಡ, ಕೊಟ್ರ ಹೆಗಲ ಮೇಲಿನ ಟವಲ್ ತೆಗೆದು ಮೂಗು ಬಾಯಿ ಸೇರಿಸಿ ಬಿಗಿದು ಕಟ್ಟಿದ!

"ಏನೋ ಅದು? ನನ್ನ ಅಡುಗೆ ನಾರ್ತದಾ?" ಅಂದ್ಲು ಅತ್ತೆ.

"ಮ್ಮ್, ಮ್ಮ್!" ಅಂತ ಕೊಟ್ರ ತಲೆ ಆಡಿಸಿದ. ಹೌದು ಅಂದನೋ, ಇಲ್ಲ ಅಂದನೋ! ಅತ್ತೆ ಕಣ್ಣೀರು ಹಾಕಿದ್ಲು.

ವಾಪಸ್ ಬರೋವಾಗ ಹಾಲಮ್ಮ ಬೇಕಂತಲೇ ಹಿಂದೆ ಉಳಿದ್ಲು. ಇವನು ನನ್ನ ಮಗ ಅಂತ ದಾರೀಲಿ ಯಾರಿಗೂ ಗೊತ್ತಾಗೋದು ಬೇಡ ಅಂತ. ಮುಂದೆ ಹೋಗ್ತಿದ್ದ ಕೊಟ್ರ ತಿರುಗಿ ನಿಂತ. "ಕಾಲು ನೋಯ್ತಾವಾ ಅವ್ವಾ? ಎತ್ಕೊಳ್ಳಲಾ?" ಅಂದ. ಆಗ ಆದ ನಾಚಿಕೆ ಇದೆಯಲ್ಲ, ಅದು ಅತ್ತೆ ಮನೇಲಿ ಆದ ನಾಚಿಕೆಗಿಂತ ದೊಡ್ಡದು.

ಆದ್ರೂ ಬೈದ್ಲು: "ಟವಲ್ ಕಟ್ಟೋದಲ್ಲೋ! ಬಾಯಿ ಬಿಟ್ಟು ಹೇಳಬೇಕು, ನನ್ನ ಹೊಟ್ಟೆಗೆ ಆಗಲ್ಲ ಅಂತ!"

"ಆಗ್ಲವ್ವಾ."

ಆಮೇಲೆ ಹೆಣ್ಣು ನೋಡೋಕೆ ಹೋದ್ರು. ಹುಡುಗಿ ಹೆಸರು ನೀಲವ್ವ. ಅವರಪ್ಪ ಮೆಣಸಿನಕಾಯಿ ಬಜ್ಜಿ ಕೊಡಿಸಿದ. "ಆ" ಅಂತ ದೊಡ್ಡದಾಗಿ ಬಾಯಿ ಬಿಟ್ಟು ಕೊಟ್ರ ಹೇಳಿದ: "ನನ್ನ ಹೊಟ್ಟೆಗೆ ಆಗಲ್ಲ." ಹಾಲಮ್ಮನಿಗೆ ಜೀವ ಬಂದಂಗಾಯ್ತು.

"ಆಗ್ಲಪ್ಪಾ. ನಮ್ಮ ಹುಡುಗಿ ಹೆಂಗೆ?" ಅಂದ ಅವರಪ್ಪ.

"ಆ... ನನ್ನ ಹೊಟ್ಟೆಗೆ ಆಗಲ್ಲ!"

ಅವರಪ್ಪನ ಮುಖ ಕಪ್ಪಾಯ್ತು. ಹಾಲಮ್ಮನ ತಲೆ ನೆಲ ನೋಡ್ತು. ಆದ್ರೆ ನೀಲವ್ವ ಕಿಸಕ್ಕನೆ ನಕ್ಲು. ಅವಳ ಅಜ್ಜಿ, "ಪಾಪ, ಕಪಟ ಇಲ್ಲದ ಹುಡುಗ. ನಾಳೆ ಊಟಕ್ಕೆ ಬರಲಿ, ಮೆತ್ತಗೆ ಅನ್ನ ಮಾಡ್ತೀವಿ" ಅಂದ್ಲು.

ಮನೆಗೆ ಬಂದ ಹಾಲಮ್ಮ ಮಗನ ಕೈ ಹಿಡ್ಕೊಂಡ್ಲು. "ನಿನ್ನ ದಮ್ಮಯ್ಯ ಕಣೋ! ಕಂಡಿದ್ದೆಲ್ಲ ಉಂಡು ನಾಲ್ಕು ಜನರ ಮುಂದೆ ಮಾನ ಕಳೀಬೇಡ!"

"ನಾಲ್ಕು ಜನರ ಮುಂದೆ ಉಣ್ಣಬಾರದು. ಆಗ್ಲವ್ವಾ."

ಮಾರನೆ ದಿನ ನೀಲವ್ವ ತಾನೇ ಬಡಿಸಿದ್ಲು. ಮಲ್ಲಿಗೆ ಹೂವಿನಂಥ ಅನ್ನ, ಹೀರೇಕಾಯಿ ತೊವ್ವೆ, ತಿಳಿ ಮಜ್ಜಿಗೆ. ಖಾರದ ಸುಳಿವಿಲ್ಲ! ಕೊಟ್ರ ತುತ್ತು ಎತ್ತಿದ. ಎದುರಿಗೆ ನೋಡಿದ. ನೀಲವ್ವನ ಅಪ್ಪ, ಅವಳ ಅವ್ವ, ಅಜ್ಜಿ, ಜೊತೆಗೆ ನೀಲವ್ವ. "ಒಂದು, ಎರಡು, ಮೂರು, ನಾಲ್ಕು" ಅಂತ ಎಣಿಸಿ ತುತ್ತು ಕೆಳಗಿಟ್ಟ.

"ಯಾಕಪ್ಪಾ? ಇದೂ ಆಗಲ್ವಾ?" ಅಂದ್ಲು ಅಜ್ಜಿ.

"ಆಗ್ತದೆ ಅಜ್ಜೀ, ಜನದ ಲೆಕ್ಕ ಆಗಲ್ಲ!" ಅಂತ ಎದ್ದ. ಪಕ್ಕದಲ್ಲಿ ಕೂತಿದ್ದ ಹಾಲಮ್ಮ ಅಂಗಿ ಹಿಡಿದು ಎಳೆದ್ಲು. ನಿಲ್ತಾನಾ? ಬೀದಿಗೆ ಓಡಿ, "ಬರ್ರೋ, ಬರ್ರೋ, ನಾನು ಉಣ್ಣೋದು ನೋಡೋಕೆ ಬರ್ರೋ!" ಅಂತ ಕೂಗಿದ. ಏನಾಯ್ತೋ ಅಂತ ಕೇರಿಗೆ ಕೇರಿಯೇ ಓಡಿ ಬಂದು ಬಾಗಿಲು ತುಂಬಿತು, ಕಿಟಕಿ ತುಂಬಿತು. ಹಾಲಮ್ಮ ಅಡುಗೆಮನೆಗೆ ನುಗ್ಗಿ ಕದದ ಹಿಂದೆ ನಿಂತ್ಲು.

ಕೊಟ್ರ ಒಳಗೆ ಬಂದು ಮತ್ತೆ ಎಲೆ ಮುಂದೆ ಕೂತ. ನೀಲವ್ವ ಮಜ್ಜಿಗೆ ಸೌಟು ಹಿಡಿದು ನಗ್ತಾ ನಗ್ತಾ ಬಡಿಸಿದ್ಲು. ಕೊಟ್ರ ಅನ್ನ ಎಲ್ಲ ಉಂಡು, ಹೊಟ್ಟೆ ಸವರ್ಕೊಂಡು ಕೂಗಿದ: "ಅವ್ವಾ, ಎಲ್ಲಿದ್ದೀ? ನಿನ್ನ ಮಾನ ಉಳಿಸ್ದೆ ಕಣವ್ವಾ! ಇಲ್ಲಿ ನಾಲ್ಕು ಜನ ಎಲ್ಲಿದಾರೆ? ಊರೇ ಐತೆ, ಬಂದು ಎಣಿಸು!"