ಜಲಜಕ್ಕನ ಮೋಟಾರಿನ ಕಾಲು ಸೋರಿತು

ನಮ್ಮ ಹೊಳೆ ಕಡಲು ಸೇರುವ ಕಡೆ ಒಂದು ಕುದ್ರು ಉಂಟು. ಕುದ್ರು ಅಂದರೆ ಹೊಳೆಯ ನಡುವಿನ ಪುಟ್ಟ ನೆಲ. ಸುತ್ತ ನೀರು. ಕುದ್ರುವಿನಲ್ಲಿ ಒಂದೇ ಮನೆ. ಮನೆಯಲ್ಲಿ ಒಬ್ಬಳೇ ಜಲಜಕ್ಕ. ಜಲಜಕ್ಕನಿಗೆ ಒಂದೇ ಆಡು. ಆಡಿನ ಹೆಸರು ಗೆಜ್ಜೆ.

ಜಲಜಕ್ಕ ಮಾತಾಡಿದರೆ ಕೇಳುವುದು ಗೆಜ್ಜೆ. "ಅನ್ನ ಬೆಂತಾ?" ಅಂದರೆ ಗೆಜ್ಜೆ "ಮ್ಯಾ" ಅನ್ನುತ್ತಿತ್ತು. "ಮಳೆ ಬರ್ತದಾ?" ಅಂದರೆ ಗೆಜ್ಜೆ "ಮ್ಯಾ" ಅನ್ನುತ್ತಿತ್ತು. ಬೇರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಬೇರೆ ಯಾರೂ ಇರಲೇ ಇಲ್ಲ.

ಜಲಜಕ್ಕನಿಗೆ ಒಂದು ದೋಣಿ. ದೋಣಿಯ ಹಿಂದೆ ಒಂದು ಹಳೇ ಮೋಟಾರು. ಮೋಟಾರಿಗೆ ಒಂದೇ ಕಾಲು. ಕಾಲು ನೀರೊಳಗೆ. ಕಾಲಿನ ತುದಿಗೆ ತಿರುಗುವ ಫ್ಯಾನು. ಕಾಲಿನ ಒಳಗೆ ಹಲ್ಲುಚಕ್ರ. ಹಲ್ಲುಚಕ್ರದ ಸುತ್ತ ಎಣ್ಣೆ.

ಒಂದು ಬೆಳಿಗ್ಗೆ ಹೊಳೆಯ ನೀರು ಇಳಿದಿತ್ತು. ಕುದ್ರುವಿನ ಅಂಚಿನ ಮರಳುದಿಬ್ಬದಲ್ಲಿ ಎಳೇ ಹುಲ್ಲು. ಜಲಜಕ್ಕ ಅಲ್ಲಿ ಗೂಟ ಹೊಡೆದು ಗೆಜ್ಜೆಯನ್ನು ಕಟ್ಟಿದಳು. "ಅಕ್ಕಿ ತಗೊಂಡು ಈಗ ಬಂದೆ" ಅಂದಳು. "ಮ್ಯಾ" ಅಂದಿತು ಗೆಜ್ಜೆ.

ಡುರ್ ಡುರ್ ಡುರ್. ಜಲಜಕ್ಕ ಆಚೆ ದಡಕ್ಕೆ ಬಂದಳು. ದಕ್ಕೆಗೆ ದೋಣಿ ಕಟ್ಟಿದಳು. ದಕ್ಕೆ ಅಂದರೆ ದೋಣಿ ನಿಲ್ಲುವ ಕಟ್ಟೆ. ಅಂಗಡಿಗೆ ಹೋಗಿ ಅಕ್ಕಿ ತಂದಳು. ಮತ್ತೆ ದೋಣಿ ಹತ್ತಿದಳು. ಮೋಟಾರಿನ ದಾರ ಎಳೆದಳು.

ಗರ್ ಗರ್ ಕಟ ಕಟ.

ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಹರಡಿತ್ತು. ಜಲಜಕ್ಕ ಮೋಟಾರನ್ನು ಎತ್ತಿ ನೋಡಿದಳು. ಕಾಲು ಸೋರುತ್ತಿತ್ತು. ಟಪ್. ಟಪ್. ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿತ್ತು.

ದಕ್ಕೆಗೆ ಏಳು ಮೆಟ್ಟಿಲು. ನೀರು ಒಂದನೇ ಮೆಟ್ಟಿಲಲ್ಲಿತ್ತು. ಕಡಲು ಉಬ್ಬಿ ಹೊಳೆಯ ನೀರು ಏರುವ ಹೊತ್ತು. ನೀರು ಏಳನೇ ಮೆಟ್ಟಿಲಿಗೆ ಬಂದರೆ ಆ ಮರಳುದಿಬ್ಬದ ಮೇಲೆ ಆಡು ಮುಳುಗುವಷ್ಟು ನೀರು. ಗೆಜ್ಜೆಯನ್ನು ಬಿಚ್ಚಲು ಕುದ್ರುವಿನಲ್ಲಿ ಯಾರೂ ಇಲ್ಲ. ಬೇರೆ ದೋಣಿ ಕೇಳೋಣವೆಂದರೆ ದೋಣಿಗಳೆಲ್ಲ ಕಡಲಿಗೆ ಹೋಗಿದ್ದವು. ಅವು ಬರುವುದು ಸಂಜೆಗೇ.

ಜಲಜಕ್ಕ ಮೆಕ್ಯಾನಿಕ್ ಬಸ್ತ್ಯಾಂವಣ್ಣನ ಶೆಡ್ಡಿಗೆ ಹೋದಳು.

"ಬಸ್ತ್ಯಾಂವಣ್ಣಾ, ಮೋಟಾರಿನ ಕಾಲು ಸೋರ್ತದೆ. ಹುಟ್ಟು ಹಾಕಿಕೊಂಡು ಹೋಗಲಾ?"

"ಬೇಡ. ಏರುವ ನೀರು ದೋಣಿಯನ್ನು ಎಲ್ಲಿಗೋ ಎಳೀತದೆ."

"ಹಾಗೇ ಮೋಟಾರು ಓಡಿಸಲಾ?"

"ಅದೂ ಬೇಡ. ಎಣ್ಣೆಗೆ ನೀರು ಸೇರಿದೆ. ನಡುನೀರಿನಲ್ಲಿ ಹಲ್ಲುಚಕ್ರ ಮುರೀತದೆ. ಕಾಲಿನೊಳಗೆ ಬಳೆಯಂಥ ಒಂದು ರಬ್ಬರ್ ಸೀಲು ಉಂಟು. ಅದು ಹರಿದಿದೆ. ಹೊಸ ಸೀಲು ನನ್ನ ಹತ್ತಿರ ಉಂಟು."

"ಹಾಕಿ ಕೊಡ್ತೀಯಾ?"

"ಆಗುವುದಿಲ್ಲ ಮಾರಾಯ್ತಿ. ನನ್ನ ಕನ್ನಡಕದ ಮೊಳೆ ಬಿದ್ದುಹೋಗಿದೆ. ಕನ್ನಡಕ ಇಲ್ಲದೆ ಹಾಕಿದರೆ ಸೀಲು ಸೊಟ್ಟ ಕೂರ್ತದೆ. ಶೇಟರ ಹತ್ತಿರ ಮೊಳೆ ಕೇಳು."

ಜಲಜಕ್ಕ ನಡೆದಳು. ನಡೆಯುತ್ತ ತನಗೆ ತಾನೇ ಹೇಳಿಕೊಂಡಳು.

"ಮೊಳೆ ಬಂದರೆ ಕನ್ನಡಕ. ಕನ್ನಡಕ ಬಂದರೆ ಸೀಲು. ಸೀಲು ಕೂತರೆ ಎಣ್ಣೆ. ಎಣ್ಣೆ ನಿಂತರೆ ಮೋಟಾರು. ಮೋಟಾರು ಓಡಿದರೆ ನನ್ನ ಗೆಜ್ಜೆ."

ನೀರು ಎರಡನೇ ಮೆಟ್ಟಿಲಿಗೆ ಬಂತು.

ಶೇಟರು ಅಂದರೆ ಚಿನ್ನದ ಕೆಲಸದ ವಸಂತ ಶೇಟರು. ಪುಟ್ಟ ಅಂಗಡಿಯಲ್ಲಿ ಒಬ್ಬರೇ ಕೂತಿದ್ದರು.

"ಶೇಟರೇ, ಕನ್ನಡಕಕ್ಕೆ ಒಂದು ಮೊಳೆ ಮಾಡಿ ಕೊಡ್ತೀರಾ?"

"ಆಗುವುದಿಲ್ಲ ಜಲಜಾ. ತಂತಿ ಕಾಯಿಸಬೇಕು. ಕಾಯಿಸಲು ಇದ್ದಿಲು ಬೇಕು. ಇದ್ದಿಲು ಮುಗಿದಿದೆ. ಅಪ್ಪಿಯಕ್ಕನ ಹತ್ತಿರ ಕೇಳು."

ಜಲಜಕ್ಕ ನಡೆದಳು.

"ಇದ್ದಿಲು ಬಂದರೆ ಮೊಳೆ. ಮೊಳೆ ಬಂದರೆ ಕನ್ನಡಕ. ಕನ್ನಡಕ ಬಂದರೆ ಸೀಲು. ಸೀಲು ಕೂತರೆ ಎಣ್ಣೆ. ಎಣ್ಣೆ ನಿಂತರೆ ಮೋಟಾರು. ಮೋಟಾರು ಓಡಿದರೆ ನನ್ನ ಗೆಜ್ಜೆ."

ನೀರು ಮೂರನೇ ಮೆಟ್ಟಿಲಿಗೆ ಬಂತು. ಹೊಳೆಯ ಆಚೆಯಿಂದ ಸಣ್ಣಗೆ ಕೇಳಿಸಿತು. "ಮ್ಯಾ."

ಅಪ್ಪಿಯಕ್ಕ ತೆಂಗಿನ ಕರಟ ಸುಟ್ಟು ಇದ್ದಿಲು ಮಾಡುವವಳು. ಅವಳ ಅಂಗಳದ ತುಂಬ ಕರಟ.

"ಅಪ್ಪಿಯಕ್ಕಾ, ಒಂದು ಹಿಡಿ ಇದ್ದಿಲು ಕೊಡ್ತೀಯಾ?"

"ಆಗುವುದಿಲ್ಲ ಮಾರಾಯ್ತಿ. ಕರಟ ಉಂಟು, ಬೆಂಕಿ ಉಂಟು, ನಂದಿಸಲು ನೀರಿಲ್ಲ. ನಂದಿಸದಿದ್ದರೆ ಎಲ್ಲ ಬೂದಿಯೇ."

"ಹೊಳೆ ನೀರು ತರಲಾ?"

"ಅದು ಉಪ್ಪು. ಉಪ್ಪು ಕುಡಿದ ಇದ್ದಿಲು ಚಟಚಟ ಸಿಡೀತದೆ. ಶೇಟರಿಗೆ ಆಗುವುದಿಲ್ಲ. ಹೊಳ್ಳರ ಬಾವಿಯ ಸಿಹಿನೀರು ತಾ."

ಜಲಜಕ್ಕ ನಡೆದಳು.

"ನೀರು ಬಂದರೆ ಇದ್ದಿಲು. ಇದ್ದಿಲು ಬಂದರೆ ಮೊಳೆ. ಮೊಳೆ ಬಂದರೆ ಕನ್ನಡಕ. ಕನ್ನಡಕ ಬಂದರೆ ಸೀಲು. ಸೀಲು ಕೂತರೆ ಎಣ್ಣೆ. ಎಣ್ಣೆ ನಿಂತರೆ ಮೋಟಾರು. ಮೋಟಾರು ಓಡಿದರೆ ನನ್ನ ಗೆಜ್ಜೆ."

ನೀರು ನಾಲ್ಕನೇ ಮೆಟ್ಟಿಲಿಗೆ ಬಂತು.

ಸೀತಾರಾಮ ಹೊಳ್ಳರು ಬಾವಿಕಟ್ಟೆಯ ಮೇಲೆ ಕೂತು ಒಳಗೆ ಬಗ್ಗಿ ನೋಡುತ್ತಿದ್ದರು.

"ಹೊಳ್ಳರೇ, ಒಂದು ಕೊಡ ನೀರು ಕೊಡ್ತೀರಾ?"

"ಆಗುವುದಿಲ್ಲ ಜಲಜಾ. ಬಾವಿ ಹಗ್ಗ ತುಂಡಾಯಿತು. ಕೊಡ ಕೆಳಗೆ ಬಿತ್ತು. ಬೆಳಿಗ್ಗೆಯಿಂದ ಅದನ್ನೇ ನೋಡ್ತಾ ಕೂತಿದ್ದೇನೆ. ಬೀಫಾತುಮ್ಮನ ಹತ್ತಿರ ಹಗ್ಗ ತಾ."

ಜಲಜಕ್ಕ ನಡೆದಳು. ಈಗ ಬೇಗ ಬೇಗ ನಡೆದಳು.

"ಹಗ್ಗ ಬಂದರೆ ನೀರು. ನೀರು ಬಂದರೆ ಇದ್ದಿಲು. ಇದ್ದಿಲು ಬಂದರೆ ಮೊಳೆ. ಮೊಳೆ ಬಂದರೆ ಕನ್ನಡಕ. ಕನ್ನಡಕ ಬಂದರೆ ಸೀಲು. ಸೀಲು ಕೂತರೆ ಎಣ್ಣೆ. ಎಣ್ಣೆ ನಿಂತರೆ ಮೋಟಾರು. ಮೋಟಾರು ಓಡಿದರೆ ನನ್ನ ಗೆಜ್ಜೆ."

ನೀರು ಐದನೇ ಮೆಟ್ಟಿಲಿಗೆ ಬಂತು.

ಬೀಫಾತುಮ್ಮನ ಮನೆ ಊರಿನ ಕೊನೆಯ ಮನೆ. ಅದರಾಚೆ ಬರೀ ಮರಳು. ಬೀಫಾತುಮ್ಮ ತೆಂಗಿನ ನಾರಿನ ರಾಶಿಯ ಪಕ್ಕ ಕೂತಿದ್ದರು. ಸುಮ್ಮನೆ ಕೂತಿದ್ದರು.

"ಬೀಫಾತುಮ್ಮಾ, ಬಾವಿಗೆ ಒಂದು ಹಗ್ಗ ಕೊಡ್ತೀರಾ?"

"ಆಗುವುದಿಲ್ಲ ಮಗಳೇ. ನಾರು ಉಂಟು. ರಾಟೆ ಉಂಟು. ಆದರೆ ಹಗ್ಗ ಹೊಸೆಯಲು ಇಬ್ಬರು ಬೇಕು. ಒಬ್ಬರು ರಾಟೆ ತಿರುಗಿಸಬೇಕು. ಒಬ್ಬರು ನಾರು ಹಿಡಿದು ಹಿಂದೆ ಹಿಂದೆ ನಡೆಯಬೇಕು. ಮೊದಲು ನನ್ನ ತಂಗಿ ತಿರುಗಿಸ್ತಿದ್ದಳು. ಅವಳು ತೀರಿಹೋಗಿ ಎರಡು ಮಳೆಗಾಲ ಆಯಿತು."

"ಇನ್ನು ಯಾರ ಹತ್ತಿರ ಹೋಗಲಿ?" ಅಂದಳು ಜಲಜಕ್ಕ.

ಬೀಫಾತುಮ್ಮ ಯಾರ ಹೆಸರನ್ನೂ ಹೇಳಲಿಲ್ಲ. ಹೇಳಲು ಅವರಿಗೆ ಯಾವ ಹೆಸರೂ ಇರಲಿಲ್ಲ. ಕೇಳಲು ಜಲಜಕ್ಕನಿಗೆ ಇನ್ನೊಂದು ಮನೆ ಇರಲಿಲ್ಲ.

ಜಲಜಕ್ಕ ಅವರನ್ನು ನೋಡಿದಳು. ನಾರಿನ ರಾಶಿ ನೋಡಿದಳು. ರಾಟೆ ನೋಡಿದಳು. ರಾಟೆಯ ಮೇಲೆ ದೂಳು ಕೂತಿತ್ತು. ಸೆರಗಿನಿಂದ ದೂಳು ಒರೆಸಿದಳು.

"ನಾನು ತಿರುಗಿಸ್ತೇನೆ ಬೀಫಾತುಮ್ಮಾ. ನೀವು ನಡೀರಿ."

ಬೀಫಾತುಮ್ಮ ಎದ್ದರು. ಸೊಂಟಕ್ಕೆ ನಾರು ಕಟ್ಟಿಕೊಂಡರು.

ಗಿರ್ ಗಿರ್ ಗಿರ್. ಜಲಜಕ್ಕ ತಿರುಗಿಸಿದಳು. ಬೀಫಾತುಮ್ಮ ಹಿಂದೆ ಹಿಂದೆ ನಡೆದರು. ಹುರಿ ಉದ್ದವಾಯಿತು. ಗಿರ್ ಗಿರ್ ಗಿರ್. ಇನ್ನೊಂದು ಹುರಿ. ಗಿರ್ ಗಿರ್ ಗಿರ್. ಮತ್ತೊಂದು ಹುರಿ. ಮೂರು ಹುರಿ ಸೇರಿ ಹಗ್ಗವಾಯಿತು.

"ನಿಧಾನ ತಿರುಗಿಸು" ಅಂದರು ಬೀಫಾತುಮ್ಮ. "ನನ್ನ ತಂಗಿಯೂ ನಿನ್ನ ಹಾಗೆ ಜೋರು."

"ಆಯಿತು" ಅಂದಳು ಜಲಜಕ್ಕ. ಕೆಲಸದ ನಡುವೆ "ಮ್ಯಾ" ಅಲ್ಲದ ಮಾತು ಅವಳು ಕೇಳಿ ಬಹಳ ದಿನವಾಗಿತ್ತು.

ನೀರು ಆರನೇ ಮೆಟ್ಟಿಲಿಗೆ ಬಂತು.

ಜಲಜಕ್ಕ ಹಗ್ಗ ಹೊತ್ತು ಓಡಿದಳು. "ನಾನೂ ಬರ್ತೇನೆ" ಅಂದರು ಬೀಫಾತುಮ್ಮ.

ಹಗ್ಗ ಹೊಳ್ಳರಿಗೆ ಸಿಕ್ಕಿತು. ಹೊಳ್ಳರು ಇನ್ನೊಂದು ಕೊಡ ಕಟ್ಟಿ ಬಾವಿಗೆ ಇಳಿಸಿದರು. ನೀರು ಮೇಲೆ ಬಂತು. "ಕೊಡ ನಾನೇ ಹೊರ್ತೇನೆ, ನೀನು ಮುಂದೆ ಓಡು" ಅಂದರು ಹೊಳ್ಳರು.

ನೀರು ಅಪ್ಪಿಯಕ್ಕನಿಗೆ ಸಿಕ್ಕಿತು. ಅಪ್ಪಿಯಕ್ಕ ಕರಟಕ್ಕೆ ಬೆಂಕಿ ಇಟ್ಟಳು. ಕೆಂಪಗಾದ ಮೇಲೆ ನೀರು ಸುರಿದಳು. ಚುಂಯ್. ಇದ್ದಿಲಾಯಿತು. ಆರಿದ ಮೇಲೆ ಗೆರಸೆಗೆ ತುಂಬಿದಳು. "ನಾನೂ ಬರ್ತೇನೆ" ಅಂದಳು ಅಪ್ಪಿಯಕ್ಕ.

ಇದ್ದಿಲು ಶೇಟರಿಗೆ ಸಿಕ್ಕಿತು. ಶೇಟರು ಊದುಕೊಳವೆಯಿಂದ ಊದಿದರು. ತಂತಿ ಕಾಯಿಸಿದರು. ಎಳ್ಳಿನಷ್ಟು ಚಿಕ್ಕ ಮೊಳೆ ಮಾಡಿದರು. "ಬಿದ್ದುಹೋದರೆ ಸಿಗುವುದಿಲ್ಲ, ನಾನೇ ತರ್ತೇನೆ" ಅಂದರು ಶೇಟರು.

ಮೊಳೆ ಕನ್ನಡಕಕ್ಕೆ ಸಿಕ್ಕಿತು. ಕನ್ನಡಕ ಬಸ್ತ್ಯಾಂವಣ್ಣನ ಮೂಗಿಗೆ ಸಿಕ್ಕಿತು.

ಬಸ್ತ್ಯಾಂವಣ್ಣ ದಕ್ಕೆಗೆ ಬಂದ. ಮೋಟಾರಿನ ಫ್ಯಾನು ಬಿಚ್ಚಿದ. ಬೆಳ್ಳಗಿನ ಎಣ್ಣೆಯನ್ನು ಡಬ್ಬಿಗೆ ಇಳಿಸಿದ. ಹರಿದ ಸೀಲು ಕಿತ್ತ. ಹೊಸ ಸೀಲನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದ. ನೇರ ಕೂರಿಸಿದ. ಕಾಲಿನ ಕೆಳಗಿನ ತೂತಿನಿಂದ ಹೊಸ ಎಣ್ಣೆ ತುಂಬಿದ. ಅದು ಮೇಲಿನ ತೂತಿನಲ್ಲಿ ಇಣುಕುವ ತನಕ ತುಂಬಿದ. ಎರಡೂ ತೂತು ಬಿಗಿದ.

ಜಲಜಕ್ಕ ಕಾಲಿನ ಕೆಳಗೆ ಅಂಗೈ ಹಿಡಿದಳು. ಟಪ್ ಅನ್ನಲಿಲ್ಲ. ಇನ್ನೂ ಹಿಡಿದಳು. ಟಪ್ ಅನ್ನಲೇ ಇಲ್ಲ.

ನೀರು ಏಳನೇ ಮೆಟ್ಟಿಲನ್ನು ನೆಕ್ಕುತ್ತಿತ್ತು.

ಜಲಜಕ್ಕ ದಾರ ಎಳೆದಳು. ಡುರ್ ಡುರ್ ಡುರ್.

ದೋಣಿ ಏರುವ ನೀರನ್ನು ಸೀಳಿಕೊಂಡು ಹೋಯಿತು. ಮರಳುದಿಬ್ಬ ಕಾಣಲಿಲ್ಲ. ಹುಲ್ಲು ಕಾಣಲಿಲ್ಲ. ಗೂಟ ಕಾಣಲಿಲ್ಲ. "ಮ್ಯಾ" ಕೇಳಿಸಲಿಲ್ಲ.

"ಗೆಜ್ಜೇ" ಅಂದಳು ಜಲಜಕ್ಕ.

ನೀರಿನ ಮೇಲೆ ಒಂದು ಮೂಗು. ಎರಡು ಕಿವಿ. ಎರಡು ಕಣ್ಣು. ಗೆಜ್ಜೆ ಕತ್ತು ಚಾಚಿ ಹಿಂಗಾಲಿನ ಮೇಲೆ ನಿಂತಿತ್ತು. ಕೂಗಲು ಬಾಯಿ ತೆರೆದರೆ ನೀರು ಒಳಗೆ ಹೋಗುತ್ತದೆ. ಅದಕ್ಕೇ ಸುಮ್ಮನಿತ್ತು.

ಜಲಜಕ್ಕ ಮೋಟಾರು ನಿಲ್ಲಿಸಿ ನೀರಿಗೆ ಧುಮುಕಿದಳು. ಎದೆಮಟ್ಟ ನೀರು. ಮುಳುಗಿ ಗೂಟ ಕಿತ್ತಳು. ಗೆಜ್ಜೆಯನ್ನು ದೋಣಿಗೆ ಎತ್ತಿ ಹಾಕಿದಳು. ತಾನೂ ಹತ್ತಿದಳು. ಗೆಜ್ಜೆ ನಡುಗುತ್ತಿತ್ತು. ಜಲಜಕ್ಕನೂ ನಡುಗುತ್ತಿದ್ದಳು.

"ತಡವಾಯಿತು ಗೆಜ್ಜೆ" ಅಂದಳು.

"ಮ್ಯಾ" ಅಂದಿತು ಗೆಜ್ಜೆ.

ಆಗ ಆಚೆ ದಡದಿಂದ ಒಂದು ದನಿ ಬಂತು. "ಸಿಕ್ಕಿತಾ ಜಲಜಾ?"

ಜಲಜಕ್ಕ ತಿರುಗಿ ನೋಡಿದಳು. ದಕ್ಕೆಯ ಮೇಲೆ ಬಸ್ತ್ಯಾಂವಣ್ಣ ನಿಂತಿದ್ದ. ಶೇಟರು ನಿಂತಿದ್ದರು. ಅಪ್ಪಿಯಕ್ಕ ನಿಂತಿದ್ದಳು. ಹೊಳ್ಳರು ನಿಂತಿದ್ದರು. ಬೀಫಾತುಮ್ಮ ನಿಂತಿದ್ದರು. ಅಷ್ಟು ವರ್ಷ ಆ ದಡದಲ್ಲಿ ಅವಳಿಗಾಗಿ ಯಾರೂ ನಿಂತದ್ದಿಲ್ಲ.

"ಸಿಕ್ಕಿತು" ಅಂದಳು. ದನಿ ಆಚೆ ದಡ ಮುಟ್ಟಲಿಲ್ಲ. ಜಲಜಕ್ಕ ಗೆಜ್ಜೆಯನ್ನು ಎರಡು ಕೈಯಲ್ಲಿ ಎತ್ತಿ ತೋರಿಸಿದಳು.

ಬಸ್ತ್ಯಾಂವಣ್ಣ ಮನೆಗೆ ಹೋದ. ಶೇಟರು ಮನೆಗೆ ಹೋದರು. ಅಪ್ಪಿಯಕ್ಕ ಮನೆಗೆ ಹೋದಳು. ಹೊಳ್ಳರು ಮನೆಗೆ ಹೋದರು.

ಬೀಫಾತುಮ್ಮ ಮಾತ್ರ ಹೋಗಲಿಲ್ಲ. ಈಚೆ ಕುದ್ರುವಿಗೆ ದೋಣಿ ಕಟ್ಟಿ ಜಲಜಕ್ಕ ನಿಂತಿದ್ದಳು. ಆಚೆ ಬೀಫಾತುಮ್ಮ ನಿಂತಿದ್ದರು. ನಡುವೆ ಹೊಳೆ ತುಂಬಿ ನಿಂತಿತ್ತು.

"ನಾಳೆ ಬರ್ತೀಯಾ?" ಅಂದರು ಬೀಫಾತುಮ್ಮ.

"ಬರ್ತೇನೆ" ಅಂದಳು ಜಲಜಕ್ಕ. ಈ ಸಲ ಅವಳ ದನಿ ಆಚೆ ದಡ ಮುಟ್ಟಿತು.