ಕರಗದ ಅಣಬೆ, ಬಣ್ಣಗಾರ ಚೌಡ

"ಕೇಳಿರಯ್ಯಾ ಕೇಳಿ! ಕುವರಿ ಪದ್ಮಲೆಯ ಜ್ವರಕ್ಕೆ ಮರದಣಬೆಯೇ ಮದ್ದು. ಆ ಅಣಬೆಯ ಸತ್ವ ನೀರಿನಲ್ಲಿ ಕರಗುತ್ತಿಲ್ಲ. ಕುವರಿಯ ಮೂರು ಒಗಟು ಬಿಡಿಸಿ ಅದನ್ನು ಕರಗಿಸಿದವನು ಕೇಳಿದ್ದನ್ನು ಪಡೆಯುತ್ತಾನೆ. ತಪ್ಪಿದವನ ತಲೆ ಹುಣ್ಣಿಮೆಗೆ ಉರುಳುತ್ತದೆ!"

ತಲೆ ಉರುಳಿದರೆ ಅಣಬೆ ಹೇಗೆ ಕರಗುತ್ತದೆಂದು ಯಾರೂ ಕೇಳಲಿಲ್ಲ. ಡಂಗುರ ಅಂದಮೇಲೆ ಅಂಥದ್ದೊಂದು ಸಾಲು ಇರಬೇಕು.

ಪದ್ಮಲೆ ಮಂಚದಲ್ಲಿ ಒರಗಿದ್ದಳು. ಅರೆದು ಕುಡಿಸಿದ ಪುಡಿ ಮೈಗೆ ಹತ್ತದೆ ಹಾಗೇ ಹೊರಬೀಳುತ್ತಿತ್ತು. ಅವಳು ದಿನೇ ದಿನೇ ಇಳಿದುಹೋಗುತ್ತಿದ್ದಳು.

ಮೊದಲು ಬಂದವನು ನೆರೆರಾಜ್ಯದ ರಾಜಕುಮಾರ.

"ಮೂರು ದಿನ ನೀರಿನಲ್ಲಿ ಮುಳುಗಿದ್ದೂ ಒಳಗೆ ಒದ್ದೆಯಾಗದವರು ಯಾರು?" ಎಂದಳು ಪದ್ಮಲೆ.

"ಬಾತುಕೋಳಿ!"

ಅವನನ್ನು ಸೆರೆಮನೆಗೆ ಒಯ್ದರು. ಪಂಡಿತ ತ್ರಿಲೋಚನ ತಾವರೆ ಎಲೆಯೆಂದು ಹೇಳಿ, ಸಂಸ್ಕೃತದಲ್ಲಿ ಆಧಾರವನ್ನೂ ಕೊಟ್ಟು, ಅದೇ ಸೆರೆಮನೆ ಸೇರಿದ.

ಮೂರನೆಯವನು ಚೌಡ, ನೂಲಿಗೆ ಬಣ್ಣ ಹಾಕುವವನು. ಮೊಣಕೈವರೆಗೂ ನೀಲಿ. ಕಾವಲುಗಾರರು ನಕ್ಕರು. ಪದ್ಮಲೆ ಅವನಿಗೂ ಅದೇ ಒಗಟು ಕೇಳಿದಳು.

"ಅಣಬೆಯೊಳಗಿನ ಎಳೆಗಳು, ತಾಯಿ," ಎಂದ ಚೌಡ. "ಒಂದಕ್ಕೊಂದು ಕೈ ಹಿಡಿದುಕೊಂಡು ನಿಂತಿರ್ತವೆ. ನೂಲಿನ ಲಡೀನ ಬಿಗಿಯಾಗಿ ಕಟ್ಟಿದ್ರೆ, ಮೂರು ದಿನ ಬಣ್ಣದ ತೊಟ್ಟಿಯಲ್ಲಿದ್ರೂ ನಡುವೆ ಬಿಳೀನೇ. ನೀರಿಗೆ ನುಗ್ಗೋಕೆ ಸಂದಿ ಬೇಕಲ್ಲ?"

ನಗು ನಿಂತಿತು. ಪದ್ಮಲೆ ಎರಡನೆಯದನ್ನು ಕೇಳಿದಳು.

"ಕತ್ತಿಯಿಲ್ಲದೆ ಆ ಕೈಗಳನ್ನು ಬಿಡಿಸುವವನು?"

"ಚೌಳುಮಣ್ಣಿನ ತಿಳಿನೀರು. ನಾವು ನೂಲು ನೆನೆಸೋದೂ ಅದರಲ್ಲೇ."

"ಬಿಡಿಸಿದವನೇ ನಾಲಿಗೆ ಸುಡುತ್ತಾನೆ. ಹುಳಿ ಹಿಂಡಿ ಅವನನ್ನು ಓಡಿಸಿದರೆ ಕೈಗಳು ಮತ್ತೆ ಕೂಡುತ್ತವೆ. ಆಗೇನು ಮಾಡುವುದು?"

ಈ ಒಗಟಿಗೆ ಉತ್ತರ ಅವಳಿಗೂ ಗೊತ್ತಿರಲಿಲ್ಲ. ರಾಜವೈದ್ಯರು ಸೋತದ್ದು ಇಲ್ಲಿಯೇ.

ಚೌಡ ತಲೆ ಕೆರೆದುಕೊಂಡ. "ನೂಲು ಬಾಯಿ ಬಿಟ್ಟಾಗಲೇ ಬಣ್ಣ ಕೊಡಬೇಕು, ತಾಯಿ. ಆಮೇಲೆ ಕೊಟ್ರೆ ಹಿಡಿಯಲ್ಲ. ಹಾಗೇ ಈ ಎಳೆಗಳು ಕೈ ಬಿಟ್ಟಿರುವಾಗಲೇ ಹಿಡಿಯೋಕೆ ಬೇರೇನಾದ್ರೂ ಕೊಟ್ಟುಬಿಡಬೇಕು."

"ಏನನ್ನು?"

"ನೀರು ಕಂಡ್ರೆ ಓಡಿಹೋಗಿ ಸೇರೋ ಉಪ್ಪು. ವೈದ್ಯರ ಹತ್ರ ಹದಿನಾರು ಬಗೆ ಇದಾವಂತೆ. ಯಾವುದು ಅಂಟ್ತದೋ ಹಾಕಿ ನೋಡ್ಬೇಕು. ಬಾಯಲ್ಲಿ ಹೇಳೋಕಾಗಲ್ಲ."

"ಮಾಡಿ ನೋಡ್ತೀನಿ ಅನ್ನೋದು ಉತ್ತರವೇನೋ?" ಎಂದ ಮಂಚದ ಪಕ್ಕ ಕೂತಿದ್ದ ರಾಜ.

"ಅಪ್ಪಾಜಿ, ಇಷ್ಟು ದಿನದಲ್ಲಿ ನಾನು ಕೇಳಿದ ಮೊದಲನೇ ಉತ್ತರ ಇದು," ಎಂದಳು ಪದ್ಮಲೆ.

ಹದಿನಾರು ಬಟ್ಟಲುಗಳಲ್ಲಿ ಅಣಬೆಯ ಪುಡಿ, ಚೌಳುನೀರು, ಒಂದೊಂದಕ್ಕೆ ಒಂದೊಂದು ಬಗೆಯ ಉಪ್ಪು ಹಾಕಿ ಇಟ್ಟರು. ಚೌಡ ಪ್ರತಿಯೊಂದಕ್ಕೂ ಒಂದು ಅರಿಶಿನದ ದಾರ ಇಳಿಬಿಟ್ಟ. ಚೌಳಿಗೆ ದಾರ ಕೆಂಪಾಯಿತು. ನಿಂಬೆರಸವನ್ನು ತೊಟ್ಟು ತೊಟ್ಟಾಗಿ ಬಿಡುತ್ತಾ, ಚೌಳಿನ ಉರಿ ತೀರಿ ದಾರ ಮತ್ತೆ ಹಳದಿಯಾದ ಗಳಿಗೆಗೆ ಕೈ ತಡೆದ. ಹದಿನೈದು ಬಟ್ಟಲುಗಳಲ್ಲಿ ಪುಡಿ ತಳಕ್ಕಿಳಿಯಿತು. ಹನ್ನೊಂದನೆಯದು ಮಾತ್ರ ತಿಳಿಯಾಗಿಯೇ ಉಳಿಯಿತು. ಚೌಡ ಮೊದಲು ತಾನೇ ಒಂದು ಗುಟುಕು ಕುಡಿದ. ಮರುದಿನ ಅವನಿಗೇನೂ ಆಗಿಲ್ಲವೆಂದು ಕಂಡಮೇಲೆ ಪದ್ಮಲೆ ಕುಡಿದಳು.

ಒಂಬತ್ತನೆಯ ದಿನ ಜ್ವರ ಬಿಟ್ಟಿತು. ಅವಳು ಎದ್ದು ಕೂತು ಗಂಜಿ ಕೇಳಿದಳು. ಅರಮನೆ ನೆಮ್ಮದಿಯ ಉಸಿರು ಬಿಟ್ಟಿತು.

"ಅರ್ಧ ರಾಜ್ಯ, ಮಗಳು, ಎರಡೂ ನಿನ್ನವು!" ಎಂದ ರಾಜ.

"ನನ್ನನ್ನು ಕೇಳಿದಿರಾ?" ಎಂದಳು ಪದ್ಮಲೆ.

"ಬೇಡ ಬುದ್ಧಿ," ಎಂದ ಚೌಡ ಗಾಬರಿಯಿಂದ. "ಒಂದು ದೊಡ್ಡ ತಾಮ್ರದ ಹಂಡೆ ಕೊಡಿಸಿ. ಸೆರೆಮನೆಯೊಳಗಿರೋ ಆ ಇಬ್ಬರ ತಲೆ ಇದ್ದಲ್ಲೇ ಇರಲಿ. ನಾನೂ ಹದಿನೈದು ಸಲ ತಪ್ಪಿದೆನಲ್ಲ?"

ರಾಜ ಒಪ್ಪಿದ. ಚೌಡ ಹಂಡೆ ಹೊತ್ತು ಮನೆಗೆ ನಡೆದ. ಹುಣ್ಣಿಮೆಯ ದಿನ ರಾಜಕುಮಾರ ಕತ್ತು ಸವರಿಕೊಳ್ಳುತ್ತಾ ಹೊರಬಂದ. "ಬಾತುಕೋಳಿಯೂ ಒದ್ದೆಯಾಗಲ್ಲ, ನೀನೇ ಹೇಳು," ಎಂದು ಬಾಗಿಲ ಕಾವಲುಗಾರನನ್ನು ಕೇಳಿದ.

ಕಾವಲುಗಾರ ಬಾಗಿಲು ಹಾಕಿಕೊಂಡ.