ತುಂಡಾಗದ ಎಳೆ

ಹೊಳೆದಂಡೆಯ ಆಶ್ರಮದಲ್ಲಿ ಅಡವಿಸ್ವಾಮಿಗಳಿಗೆ ತಿಪ್ಪೇಶ ಎಂಬ ಶಿಷ್ಯನಿದ್ದ. ಒಳ್ಳೆಯವನೇ. ಆದರೆ ಅವನಿಗೂ ತಾಳ್ಮೆಗೂ ಎಣ್ಣೆ ಸೀಗೆಕಾಯಿ.

ಬೇರೆಲ್ಲೂ ಉಳಿದಿರದ ಭತ್ತದ ತಳಿಯೊಂದರ ಕೊನೆಯ ಹಿಡಿ ಬೀಜವನ್ನು ಗುರುಗಳು ಅವನ ಕೈಗೆ ಹಾಕಿದ್ದರು. ಅವನು ಬಿತ್ತಿದ, ಮೊಳೆಯಿತು. ಕೈಗೆ ಬಂದ ತುತ್ತು ಬಾಯಿಗಿಲ್ಲ ಅನ್ನುವ ಹಾಗೆ ಹಾಳು ಚಳಿ ಬಂತು.

ಸಸಿಗಳು ಒಣಗಲಿಲ್ಲ, ಕೊಳೆಯಲಿಲ್ಲ. ಹಸಿರಾಗೇ ಇದ್ದವು. ಒಂದೇ ಒಂದು ಹೊಸ ಎಲೆಯನ್ನೂ ಬಿಡಲಿಲ್ಲ. ಗಾಳಿ ಬೀಸಿದರೂ ಅಲುಗದೆ ತನ್ನನ್ನೇ ನೋಡುತ್ತಿವೆ ಎನಿಸಿ ತಿಪ್ಪೇಶ ಗುರುಗಳ ಮುಂದೆ ಬಂದು ನಿಂತ.

“ಬುದ್ಧೀ, ಇವು ಬದುಕಿವೆಯೋ ಸತ್ತಿವೆಯೋ ತಿಳೀತಿಲ್ಲ. ದಿನಾ ಗೊಬ್ಬರ ಹಾಕ್ತಿದ್ದೀನಿ.”

“ಉಣ್ಣಲಾರದವರಿಗೆ ಬಡಿಸಿದ್ದೇ ಬಡಿಸಿದ್ದು. ಭಲೇ!”

“ಕಿತ್ತುಬಿಡ್ತೀನಿ ಬುದ್ಧೀ. ನೋಡೋಕೆ ಭಯ ಆಗುತ್ತೆ.”

ಗುರುಗಳು ಒಂದು ಕುಡುಗೋಲು ಕೊಟ್ಟರು.

“ಕಿತ್ತರೆ ಈ ತಳಿ ಮುಗೀತು. ಮೊದಲು ಸಸಿಮಡಿಗಿಳಿ. ನಾನು ಬದುವಿನಿಂದ ನಾರಿನ ಹಗ್ಗ ಬಿಡ್ತೀನಿ, ಗೇಣುದ್ದಕ್ಕೆ ಕತ್ತರಿಸ್ತಾ ಹೋಗು. ಕೈ ನೀರಲ್ಲೇ ಇರಲಿ.”

ಬೆಳಗಿನ ಮಂಜು ಕವಿದಿತ್ತು. ಮೊದಮೊದಲು ತುಂಡುಗಳು ಚೊಕ್ಕವಾಗಿ ಬಿದ್ದವು. ಬರಬರುತ್ತ ಬೆರಳು ಮರಗಟ್ಟಿದವು, ಕುಡುಗೋಲು ಮಾತು ಕೇಳಲಿಲ್ಲ. ಹಗ್ಗ ಮಾತ್ರ ಮಂಜಿನೊಳಗಿಂದ ಬರುತ್ತಲೇ ಇತ್ತು. ಪಾದಕ್ಕೆ ಸುತ್ತಿತು. ಮೊಣಕಾಲಿಗೇರಿತು.

“ಗಿಡದೊಳಗೂ ಹೀಗೇ.” ಗುರುಗಳ ದನಿಯಷ್ಟೇ ಕೇಳಿಸಿತು. “ಆರ್‌ಎನ್‌ಎ ಅನ್ನೋ ಉದ್ದನೆ ಎಳೆ ಹುಟ್ಟುತ್ತೆ. ಅಳತೆಗೆ ಕತ್ತರಿಸಿಕೊಂಡರೆ ಅದರಿಂದ ರೈಬೋಸೋಮು. ಹೊಸ ಎಲೆಗೆ ಬೇಕಾದ್ದನ್ನೆಲ್ಲ ಕಟ್ಟೋ ಕೂಲಿಯಾಳು ಅದೇ. ಚಳಿಗೆ ಕತ್ತರಿಸೋ ಕೈ ಸೋಲುತ್ತೆ. ಎಳೆ ನಿಲ್ಲಲ್ಲ.”

“ಆಳೇ ಇಲ್ಲದಿದ್ದರೆ ಎಲೆ?”

“ಎಲ್ಲಿಂದ ಬರುತ್ತೆ?”

ಹಗ್ಗ ಸೊಂಟಕ್ಕೆ ಬಂತು. ತಿಪ್ಪೇಶ ನಿಜಕ್ಕೂ ಹೆದರಿದ.

“ಸಾಕು ಬುದ್ಧೀ, ಇನ್ನು ಬಿಡಬೇಡಿ!”

ಮಂಜು ತುಸು ಸರಿಯಿತು. ಗುರುಗಳು ಬದುವಿನ ಮೇಲೆ ಕೈಕಟ್ಟಿ ಕೂತಿದ್ದರು. ಅವರ ಹಗ್ಗ ಎಂದೋ ಮುಗಿದಿತ್ತು.

“ನಾನೆಲ್ಲಿ ಬಿಡ್ತಿದ್ದೀನಪ್ಪ?”

ತಿಪ್ಪೇಶ ಬಗ್ಗಿ ನೋಡಿದ. ಎಳೆ ಬರುತ್ತಿದ್ದುದು ಸಸಿಗಳ ಬುಡದಿಂದ. ಒಂದೊಂದು ಬುಡದಿಂದಲೂ, ಸದ್ದಿಲ್ಲದೆ.

ಅವನಿಗೆ ಓಡಿಹೋಗಬೇಕೆನಿಸಿತು. ಓಡಲಿಲ್ಲ.

“ಬದುಕಿವೆ,” ಎಂದ. ಹಲ್ಲು ಕಟಕಟಿಸುತ್ತಿತ್ತು. “ಇಷ್ಟು ದಿನವೂ ಬದುಕಿಯೇ ಇದ್ದವು. ಕೀಳಲ್ಲ ಬುದ್ಧೀ. ಆದರೆ ಕೈ ಆಡ್ತಿಲ್ಲ, ನಾನೇನು ಮಾಡ್ಲಿ?”

“ಬಿಸಿಲು ಬಂದರೆ ನಿನ್ನ ಕೈಯೂ ಆಡುತ್ತೆ, ಗಿಡದ ಕೈಯೂ ಆಡುತ್ತೆ. ಅಲ್ಲೀವರೆಗೂ ಕುಡುಗೋಲು ಕೈಬಿಡಬೇಡ.”